ಕಣ ಮಾಡಿದ ಗದ್ದೆ

ನಮ್ಮಂಥ ಸಣ್ಣ ಕಾಫಿಯವರಿಗೆ ಸಿಮೆಂಟು ಕಣ ಎಲ್ಲಿಂದ ಬರಬೇಕು? ಭತ್ತ ಕೊಯ್ದ ಗದ್ದೆಯನ್ನೇ ಕೆತ್ತಿ, ಸೆಗಣಿ ಸಾರಿಸಿ, ಅದರಲ್ಲೇ ಕಾಫಿ ಹಣ್ಣು ಒಣಗಿಸುತ್ತಿದ್ದೆವು. ಸಂಸೆ ಕಡೆ ಎಷ್ಟೋ ಮನೆಯವರ ಪದ್ಧತಿ ಅದೇ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ರೆಸಾರ್ಟು ಕಟ್ಟುವವರು ಗದ್ದೆಗಳಿಗೆ ಮಣ್ಣು ತುಂಬಿಸತೊಡಗಿದ್ದರು. ಎಲ್ಲಿ ಕಟ್ಟಬಹುದು, ಯಾವುದು ಬೇಸಾಯಕ್ಕೇ ಉಳಿಯಬೇಕು ಎಂದು ಹೊಸ ನಿಯಮ ಮಾಡುವುದಕ್ಕೆ ಒಬ್ಬ ಸಾಹೇಬರು ಫೆಬ್ರವರಿಯಲ್ಲಿ ಜಾಗ ನೋಡಲು ಬಂದರು. ನಾನೋ ದೊಡ್ಡ ಜಾಣೆ! ಕಾಫಿ ಕೊಟ್ಟು, "ನೋಡಿ ಸಾರ್, ಕಣ ಹೇಗೆ ಕನ್ನಡಿ ಥರ ಇಟ್ಟಿದ್ದೀವಿ" ಎಂದು ಜಂಬ ಕೊಚ್ಚಿದೆ. ಅವರು ತಲೆಯಾಡಿಸಿ ಬರೆದುಕೊಂಡು ಹೋದರು.

ಗ್ರಾಮಸಭೆಯಲ್ಲಿ ಅದೇ ಸಾಹೇಬರು ಪಟ್ಟಿ ಓದಿದಾಗ ನಮ್ಮ ಗದ್ದೆ 'ಖಾಲಿ ಜಾಗ, ಕಟ್ಟಡಕ್ಕೆ ಯೋಗ್ಯ' ಆಗಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಖುಷಿಯೇ ಆಯಿತು. ಅಂಥ ಜಾಗಕ್ಕೆ ಬಂಗಾರದ ಬೆಲೆ. ಪಕ್ಕದಲ್ಲೇ ಕೂತಿದ್ದಳು ನಮ್ಮ ಕೆಳಗಿನ ಗದ್ದೆಯವಳು. ಎಸ್ಟೇಟಿನಲ್ಲಿ ದುಡಿಯುವ ಹೆಂಗಸು. ಅವಳ ಅರ್ಧ ಎಕರೆಗೆ ನೀರು ಇಳಿಯುವುದು ನಮ್ಮ ಗದ್ದೆಯಿಂದಲೇ. "ಅಕ್ಕಾ, ನಿಮ್ಮದನ್ನು ಮುಚ್ಚಿದರೆ ನನ್ನ ಗತಿ ಎಂತ?" ಎಂದಳು. ನಾಚಿಕೆಯಾಯಿತು, ನಾಚಿಕೆಗಿಂತ ಸಿಟ್ಟು ಹೆಚ್ಚು ಬಂತು. ಎದ್ದು ನಿಂತು ಕೂಗಿದೆ: "ಬೇಸಿಗೆಯಲ್ಲಿ ಬಂದು ಗದ್ದೆ ಹುಡುಕಿದರೆ ಎಂತ ಕಾಣುತ್ತೆ ಮಾರಾಯ್ರೆ? ಜುಲೈನಲ್ಲಿ ಬನ್ನಿ!" ತಕರಾರು ಅರ್ಜಿಯನ್ನೂ ಕೊಟ್ಟೆ.

ಬಂದರು, ಪುಣ್ಯಾತ್ಮರು. ನಾಟಿ ನಡೆಯುತ್ತಿತ್ತು. ಅವಳೂ ಮುಯ್ಯಾಳಾಗಿ ಬಂದು ನಮ್ಮ ಸಾಲಿನಲ್ಲಿ ನೆಡುತ್ತಿದ್ದಳು. ಮುಯ್ಯಾಳಿಗೆ ಕೂಲಿಯಿಲ್ಲ, ಇವತ್ತು ನಮ್ಮಲ್ಲಿ ಮಾಡಿದವರ ಗದ್ದೆಗೆ ನಾಳೆ ನಾವು ಹೋಗಬೇಕು. ಸಾಹೇಬರು ಪ್ಯಾಂಟು ಮಡಚಿ ಬದುವಿನ ಮೇಲೆ ನಿಂತು, "ನಿಮ್ಮ ಕಣ ಎಲ್ಲಮ್ಮಾ?" ಎಂದರು.

"ಇದೇ ಸಾರ್, ಇಳಿದು ನೋಡಿ" ಎಂದೆ.

ನಕ್ಕರು. ಹಿಂದಿನದನ್ನು ಹೊಡೆದುಹಾಕಿ 'ಗದ್ದೆ' ಎಂದು ಬರೆದರು. "ಇನ್ನು ಇದನ್ನು ಸೈಟು ಮಾಡೋಕಾಗಲ್ಲ. ಯೋಚನೆ ಮಾಡಿ ಸಹಿ ಹಾಕಿ." ಆ ಬಂಗಾರದ ಬೆಲೆ ನೆನಪಾಯಿತು, ಇಲ್ಲವೆನ್ನಲಾರೆ. ಕೆಸರು ಕೈ ಸೀರೆಗೆ ಒರೆಸಿಕೊಂಡು ಸಹಿ ಹಾಕಿದೆ.

ಜೀಪು ಹೋಗುವವರೆಗೆ ಅವಳು ತಲೆಯೆತ್ತಲಿಲ್ಲ. ಆಮೇಲೆ ಮೆಲ್ಲಗೆ, "ಅಕ್ಕಾ, ನಿಮ್ಮಲ್ಲಿ ಸಸಿ ಮಿಕ್ಕುತ್ತದಾ?" ಎಂದಳು.

"ನಿನ್ನ ಸಸಿ ಎಂತ ಆಯ್ತೇ?"

"ಈ ಸಲ ಬಿತ್ತಲೇ ಇಲ್ಲ. ನೀರು ಬರುತ್ತೋ ಇಲ್ಲವೋ ಅಂತ."

ತನ್ನ ಗದ್ದೆಯಲ್ಲಿ ನಾಟಿಯೇ ಇಲ್ಲದೆ ಮುಯ್ಯಾಳಿಗೆ ಬಂದಿದ್ದಳು!

"ಮಿಕ್ಕದಿದ್ದರೂ ಕೊಡ್ತೀನಿ" ಎಂದೆ. "ನಾಳೆ ಬೆಳಗ್ಗೆ ನಾವೆಲ್ಲ ನಿನ್ನ ಗದ್ದೆಗೆ."