ದೊಡ್ಡವ್ವನಿಗೆ ಗೊತ್ತಾಗಬಾರದೆಂದು ಹೊಡೆದ ಬಣ್ಣ

ಹೋದ ವಾರ ಎದುರುಮನೆಯವರು ತಮ್ಮ ಗೇಟಿಗೆ ಬಣ್ಣ ಹೊಡೆಸುತ್ತಿದ್ದರು. ಥಿನ್ನರ್ ವಾಸನೆ ನನ್ನ ಹೊಲಿಗೆ ಅಂಗಡಿಯೊಳಕ್ಕೆ ನುಗ್ಗಿತು. ಕತ್ತರಿಸುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಹೊರಗೆ ಓಡಿಬಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದೆ. ಆಮೇಲೆ ನನಗೇ ನಗು ಬಂತು. ಪಕ್ಕದ ಮನೆಯಲ್ಲಿ ಈಗ ರೇಷ್ಮೆ ಹುಳವೂ ಇಲ್ಲ, ಹುಳ ಸಾಕುತ್ತಿದ್ದ ದೊಡ್ಡವ್ವನೂ ಇಲ್ಲ... ಗಾಳಿ ಎತ್ತ ಬೀಸಿದರೆ ಯಾರಿಗೇನು?

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ ಅಲ್ಲ. ಪಕ್ಕದ ಮನೆಯವಳು, ಅಷ್ಟೆ. ಸಾತನೂರಿನಿಂದ ಒಳಕ್ಕಿರುವ ನಮ್ಮೂರಿನಲ್ಲಿ ರಕ್ತ ನೋಡಿ ಯಾರೂ ನೆಂಟಸ್ತನ ಕಟ್ಟುವುದಿಲ್ಲ. ಅವಳ ಹುಳದ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇತ್ತು. ರೇಷ್ಮೆ ಹುಳಕ್ಕೆ ವಾಸನೆ ಆಗುವುದಿಲ್ಲ, ದೊಡ್ಡವ್ವನಿಗಂತೂ ಆಗುತ್ತಲೇ ಇರಲಿಲ್ಲ. ಬೀಡಿ ಸೇದಿದವನನ್ನು ಬೀದಿಯಿಂದಲೇ ಓಡಿಸುತ್ತಿದ್ದಳು. ಮದುವೆ ಕರೆಯಲು ಸೆಂಟು ಹಾಕಿಕೊಂಡು ಬಂದ ನೆಂಟನನ್ನು ಜಗಲಿಯಲ್ಲೇ ಕೂರಿಸಿ, ಅಲ್ಲೇ ಕಾಫಿ ಕೊಟ್ಟು, ಅಲ್ಲಿಂದಲೇ ಕಳಿಸಿದ್ದಳು. ನಾನು ಊದುಬತ್ತಿ ಹಚ್ಚಿ ಬಂದ ಕೈಯಲ್ಲಿ ಹೊಸ್ತಿಲ ಹತ್ತಿರ ಹೋದರೂ ಸಾಕು, ಕೈ ತೊಳೆಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಡುತ್ತಿದ್ದಳು.

ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ನನ್ನ ಜೊತೆ ಓದಿದವನು, ನನ್ನ ಗೆಳೆಯ. ಒಂದು ಹಳೇ ಕೆಂಪು ಕಾರು ಇಟ್ಟುಕೊಂಡು ಬಾಡಿಗೆ ಓಡಿಸುತ್ತಿದ್ದ. ಸುತ್ತಲಿನ ಊರುಗಳ ರೇಷ್ಮೆ ಗೂಡು ರಾಮನಗರದ ಮಾರುಕಟ್ಟೆಗೆ, ಬಸುರಿ ಹೆಂಗಸರು ಕನಕಪುರದ ಆಸ್ಪತ್ರೆಗೆ, ಎಲ್ಲ ಅದರಲ್ಲೇ. ಚಿಕ್ಕವನು ತೋಟ ನೋಡಿಕೊಳ್ಳುತ್ತಿದ್ದ. ಆ ವರ್ಷ ಹುಳಕ್ಕೆ ಸೊಪ್ಪು ಕೊಯ್ಯುವಾಗ ಚಿಕ್ಕವನಿಗೆ ಹಾವು ಕಚ್ಚಿತು. ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿ, ತಲೆಯನ್ನು ದೊಡ್ಡವ್ವ ತೊಡೆಯ ಮೇಲಿಟ್ಟುಕೊಂಡು ಕೂತಳು. ದೊಡ್ಡವನು ಕಾರು ಬಿಟ್ಟ. ಕನಕಪುರದ ದಾರಿಯಲ್ಲಿ ಚಿಕ್ಕವನು ಒಂದೇ ಮಾತಾಡಿದನಂತೆ.

"ಅಣ್ಣ, ಒಸಿ ನಿಧಾನಕ್ಕೆ ಓಡ್ಸು. ಅವ್ವಂಗೆ ತಲೆ ತಿರುಗ್ತದೆ."

ದೊಡ್ಡವ್ವನಿಗೆ ಯಾವ ಗಾಡಿ ಹತ್ತಿದರೂ ತಲೆ ತಿರುಗುತ್ತಿತ್ತು ಅನ್ನುವುದು ಊರಿಗೇ ಗೊತ್ತು. ಆ ಮಾತಿಗೆ ನನ್ನ ಗೆಳೆಯ ಒಂದು ತಿರುವಿನಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಮಾಡಿದನಂತೆ. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ತಿರುವಿನಲ್ಲಿ ಕಾಲು ತೆಗೆಯದೇ ಇದ್ದಿದ್ದರೆ... ಎಂದು ಅವನು ನನ್ನ ಅಂಗಡಿಯಲ್ಲಿ ಕೂತು ಎಷ್ಟು ಸಲ ಹೇಳಿದನೋ. ನಾನು ಮಿಷನ್ ತುಳಿಯುತ್ತಾ ಕೂರುತ್ತಿದ್ದೆ.

ಕಾರ್ಯ ಮುಗಿದ ಮೇಲೆ ದೊಡ್ಡವ್ವ ಮಗನನ್ನು ಕರೆದು ಹೇಳಿದಳು. ನಾನೂ ಅಲ್ಲೇ ಇದ್ದೆ.

"ಆ ಕೆಂಪು ಕಾರು ನನ್ ಕಣ್ಗೆ ಬೀಳ್ಕೂಡ್ದು. ಬಿದ್ರೆ ನಾನು ಈ ಮನೆ ಬುಟ್ಟು ಒಂಟೋಯ್ತೀನಿ."

ಅವಳು ಬಾಯಿಮಾತಿಗೆ ಹೇಳುವವಳಲ್ಲ. ಗೆಳೆಯ ಚನ್ನಪಟ್ಟಣದಲ್ಲಿ ಗಿರಾಕಿ ಗೊತ್ತು ಮಾಡಿಕೊಂಡು ಕಾರು ತೆಗೆದುಕೊಂಡು ಹೋದ. ಸಂಜೆ ನೋಡಿದರೆ ಅದೇ ಕಾರು ನನ್ನ ಮನೆಯ ಹಿಂದೆ, ದನವಿಲ್ಲದ ಖಾಲಿ ಕೊಟ್ಟಿಗೆಯೊಳಗೆ ನಿಂತಿದೆ. "ಕೊಡಾಕಾಗ್ನಿಲ್ಲ ಕಣ್ಲಾ," ಅಂದ. "ಅವ್ನು ಕೊನೇದಾಗಿ ಮಾತಾಡಿದ್ದು ಇದ್ರೊಳ್ಗೇಯ."

ಅವ್ವನಿಗೆ ಮಾತ್ರ ಮಾರಿಬಿಟ್ಟೆ, ಬೇರೆ ಗಾಡಿ ನೋಡಿದ್ದೀನಿ, ಸ್ವಲ್ಪ ದಿನದಲ್ಲಿ ಬರುತ್ತೆ ಎಂದು ಹೇಳಿ ಬಂದಿದ್ದ. ಆ ಬೇರೆ ಗಾಡಿಯನ್ನು ನಾವಿಬ್ಬರೂ ಸೇರಿ ಕೊಟ್ಟಿಗೆಯಲ್ಲೇ ಮಾಡಬೇಕಾಗಿತ್ತು. ನಿನಗೆ ತಲೆ ಕೆಟ್ಟಿದೆ ಎಂದು ನೇರವಾಗಿಯೇ ಹೇಳಿದೆ. ಗೊತ್ತಾದರೆ ತಮ್ಮ ಜೀವ ಬಿಟ್ಟ ಕಾರನ್ನೇ ಅವ್ವನಿಗೆ ಸುಳ್ಳು ಹೇಳಿ ಮನೆ ಮುಂದೆ ನಿಲ್ಲಿಸಿದ ಅಂತಾಗುತ್ತದೆ. ಅವಳಿಗೆ ಉಳಿದಿರುವುದು ಇವನೊಬ್ಬ. ಇವನನ್ನೂ ಬಿಟ್ಟು ಅವಳು ಹೊರಟರೆ ಹೋಗುವುದೆಲ್ಲಿಗೆ? ಇಷ್ಟೆಲ್ಲ ಹೇಳಿದವನೇ ಮಾರನೇ ದಿನ ಪ್ಯಾಂಟು ಮಡಿಸಿಕೊಂಡು ಅವನ ಜೊತೆ ಕೂತೆ. ನನ್ನ ಬುದ್ಧಿ ಯಾವಾಗಲೂ ಹೀಗೇ.

ಗ್ಯಾರೇಜಿಗೆ ಕೊಡುವ ಹಾಗಿರಲಿಲ್ಲ. ಸಾತನೂರಿನ ಗ್ಯಾರೇಜಿನಲ್ಲಿ ಕೆಮ್ಮಿದರೆ ನಮ್ಮೂರಿಗೆ ಕೇಳುತ್ತದೆ. ಟ್ರ್ಯಾಕ್ಟರ್ ರಿಪೇರಿಯವನ ಹತ್ತಿರ ಕಂಪ್ರೆಸರ್ ಮತ್ತು ಬಣ್ಣ ಹೊಡೆಯುವ ಗನ್ ಬೇಡಿ ತಂದೆವು. ಕೊಟ್ಟಿಗೆಯ ಬಾಯಿಗೆ ಟಾರ್ಪಾಲು ಕಟ್ಟಿ, ನೀರು ಹಾಕಿ ಉಪ್ಪುಕಾಗದದಲ್ಲಿ ಹಳೇ ಬಣ್ಣ ಉಜ್ಜಿದೆವು. ಕೆಂಪು ನೀರು ಮೊಣಕೈವರೆಗೆ ಇಳಿದು, ಕುಂಕುಮದ ನೀರಿನಲ್ಲಿ ಕೈ ಅದ್ದಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಗೆಳೆಯ ಎದ್ದು ಆಚೆ ಹೋಗಿ ಬರುತ್ತಿದ್ದ. ಗಾಜಿಗೆ, ದೀಪಕ್ಕೆ ಪೇಪರು ಅಂಟಿಸಿ ಮೊದಲ ಸಲ ಬಿಳಿ ಹೊಡೆದರೆ, ಒಣಗುತ್ತಾ ಒಣಗುತ್ತಾ ಅದು ಗುಲಾಬಿಗೆ ತಿರುಗಿತು. ಕೆಳಗಿನ ಕೆಂಪು ಮೇಲಕ್ಕೆ ಬರುತ್ತಿತ್ತು. ಮತ್ತೆ ಉಜ್ಜು, ಮತ್ತೆ ಹೊಡಿ.

ಸೀಟಿನ ಕವರು ನನ್ನ ಪಾಲಿಗೆ ಬಂತು. ರವಿಕೆ ಹೊಲಿಯುವ ಮಿಷನ್ನಿಗೆ ರೆಕ್ಸಿನ್ ಕೊಟ್ಟರೆ ಅದು ಬೈಯದೇ ಇರುತ್ತದೆಯೇ? ಸೂಜಿ ಮುರಿಯುತ್ತಾ ಮುರಿಯುತ್ತಾ ನೀಲಿ ಕವರು ಹೊಲಿದೆ. ಹಿಂದಿನ ಸೀಟಿನ ಹಳೇ ಕವರನ್ನು ಮಾತ್ರ ಅವನು ನನಗೆ ಮುಟ್ಟಲು ಬಿಡಲಿಲ್ಲ. ತಾನೇ ಬಿಚ್ಚಿ, ಮಡಿಸಿ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ಇಟ್ಟ. ಚಕ್ರಕ್ಕೆ ಹೊಸ ಕ್ಯಾಪು, ಬಾಗಿಲಿಗೆ ಕಪ್ಪು ಪಟ್ಟಿ, ಹಿಂದಿನ ಗಾಜಿನ ಸ್ಟಿಕ್ಕರು ಕಿತ್ತದ್ದು, ಹಾರ್ನ್ ಬದಲಾಯಿಸಿದ್ದು, ಎಲ್ಲ ಆಯಿತು. ನಂಬರು ದೊಡ್ಡವ್ವನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯವಿತ್ತು. ಬಣ್ಣ ಬದಲಾದದ್ದನ್ನು ಆರ್‌ಟಿಓ ಆಫೀಸಿನಲ್ಲಿ ಬರೆಸಬೇಕಿತ್ತು, ಅದು ಆಮೇಲೆ ಆಯಿತು ಅನ್ನಿ. ಅಷ್ಟರಲ್ಲಿ ಹೇಗೋ ಊರಿಗೆಲ್ಲ ವಿಷಯ ಗೊತ್ತಾಗಿ, ಊರೆಲ್ಲ ದೊಡ್ಡವ್ವನ ಮುಂದೆ ಬಾಯಿ ಹೊಲಿದುಕೊಂಡಿತ್ತು.

ನಮ್ಮ ಭಯವೆಲ್ಲ ಅವಳ ಮೂಗಿನದು. ಮಗ ಹೋದ ಮೇಲೆ ಅವಳು ಮೊದಲ ಸಲ ಹುಳ ಸಾಕಲು ಎತ್ತಿದ್ದಳು. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ತಟ್ಟೆ ತಟ್ಟೆ ಸೊಪ್ಪು ಖಾಲಿ ಮಾಡುತ್ತಿದ್ದವು. ಆ ಹೊತ್ತಿನಲ್ಲಿ ಥಿನ್ನರ್ ವಾಸನೆ ತಾಗಿದರೆ ಬೆಳೆ ಪೂರಾ ಹೋಗುತ್ತದೆ. ಪುಣ್ಯಕ್ಕೆ ಗಾಳಿ ಆಚೆ ಕಡೆಗೆ ಬೀಸುತ್ತಿತ್ತು. ಗೆಳೆಯ ನನ್ನ ಮನೆಯ ಬಚ್ಚಲಲ್ಲಿ ಸೀಗೆಪುಡಿ ಹಾಕಿ ಮೈ ತಿಕ್ಕಿಕೊಂಡು, ಬಟ್ಟೆ ಬದಲಾಯಿಸಿಯೇ ಮನೆಗೆ ಹೋಗುತ್ತಿದ್ದ. ಆದರೂ ಒಂದು ದಿನ ದೊಡ್ಡವ್ವ ಹುಳದ ಮನೆಯ ಹೊಸ್ತಿಲಲ್ಲೇ ಅವನನ್ನು ತಡೆದು, ಇನ್ನು ಮೇಲೆ ಒಳಗೆ ಬರಬೇಡ, ಸೊಪ್ಪು ಬಾಗಿಲಲ್ಲಿ ಇಟ್ಟು ಹೋಗು, ಹುಳವನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಅಂದಳಂತೆ. ಅವನು ಬೆವತುಕೊಂಡು ಬಂದು ನನಗೆ ಹೇಳಿದ. ದುಃಖದಲ್ಲಿ ಹಾಗಂದಿರಬೇಕು ಎಂದು ನಾನೇನೋ ತೇಪೆ ಹಾಕಿದೆ.

ಕೊನೆಯ ಕೋಟು ಹೊಡೆಯುವ ದಿನ ಮಧ್ಯಾಹ್ನ ಅವಳು ಕೊಟ್ಟಿಗೆಗೇ ಬಂದಳು. ಬಾನೆಟ್ಟಿನ ಮೇಲೆ ಗನ್ ಆಡುತ್ತಿತ್ತು. ಟಾರ್ಪಾಲಿನ ಆಚೆ ಅವಳ ಬಳೆ ಸದ್ದು ಕೇಳಿದ್ದೇ ಗೆಳೆಯ ಕಂಪ್ರೆಸರ್ ಆರಿಸಿ, ಗನ್ ಹಿಡಿದ ಹಾಗೇ ಕಲ್ಲಾದ. ನಾನು ಆಚೆ ಬಂದು ಟಾರ್ಪಾಲಿಗೆ ಬೆನ್ನು ಕೊಟ್ಟು ನಿಂತೆ. ಏನದು ವಾಸನೆ ಅಂದಳು. ಅಂಗಡಿ ಬೋರ್ಡಿಗೆ ಬಣ್ಣ ಹೊಡೆಯುತ್ತಿದ್ದೇನೆ ಅಂದೆ. ಬೋರ್ಡಿಗೆ ಕಂಪ್ರೆಸರ್ ಯಾಕೆ ಎಂದು ಅವಳು ಕೇಳಲಿಲ್ಲ. ನನ್ನ ಕೈಮೇಲಿನ ಬಿಳಿ ಚುಕ್ಕಿಗಳನ್ನು ನೋಡಿದಳು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಮುಗಿದೇಹೋಗುತ್ತಿತ್ತು... ಅವಳು ಬಗ್ಗಿ ನೆಲದಿಂದ ಚಿಟಿಕೆ ಮಣ್ಣು ತೆಗೆದು ಮೇಲಕ್ಕೆ ತೂರಿದಳು. ಮಣ್ಣು ಅವಳ ಹುಳದ ಮನೆ ಕಡೆಗೇ ಹಾರಿತು.

"ಗಾಳಿ ನಮ್ಮನೆ ಕಡೀಕೆ ತಿರುಗೈತೆ ಕಣ್ಲಾ. ಹುಳ ಗೂಡು ಕಟ್ಟೋಗಂಟ ತಡ್ಕ. ಆಮೇಲೆ ಎಷ್ಟಾರ ಹೊಡ್ಕ."

ಅಷ್ಟು ಹೇಳಿ ಹೊರಟುಹೋದಳು. ಒಳಗೆ ಬಂದರೆ ಗೆಳೆಯ ನೆಲದ ಮೇಲೆ ಕೂತುಬಿಟ್ಟಿದ್ದ. ಬಾನೆಟ್ಟು ಅರ್ಧ ಬಿಳಿ, ಅರ್ಧ ಗುಲಾಬಿ. ಅದನ್ನು ಹಾಗೇ ಬಿಟ್ಟು ಕಾದೆವು. ಹುಳ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಗೂಡು ಗಟ್ಟಿಯಾಗುವ ತನಕ ಕಂಪ್ರೆಸರ್ ಮುಟ್ಟಲಿಲ್ಲ. ಅಷ್ಟು ದಿನ ದೊಡ್ಡವ್ವ ಎದುರು ಬಂದರೆ ನಾನು ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆ.

ಬೆಳೆ ಚೆನ್ನಾಗಿಯೇ ಬಂತು. ಗೂಡು ಬಿಡಿಸುವ ಹೊತ್ತಿಗೆ ಕಾರಿನ ಕೆಲಸವೂ ಮುಗಿದಿತ್ತು. ಬೆಳಗಾಗುವ ಮುಂಚೆ ಗೆಳೆಯ ಅದನ್ನು ಹಿಂದಿನ ದಾರಿಯಿಂದ ಆಚೆ ದಾಟಿಸಿ, ಬಿಸಿಲು ಬಂದ ಮೇಲೆ ದೊಡ್ಡ ರಸ್ತೆ ಕಡೆಯಿಂದ ಹಾರ್ನ್ ಹೊಡೆದುಕೊಂಡು ಬಂದ. ದೊಡ್ಡವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಬೀದಿಯವರೆಲ್ಲ ತಮ್ಮ ತಮ್ಮ ಜಗಲಿಯ ಮೇಲೆ ಉಸಿರು ಹಿಡಿದುಕೊಂಡಿದ್ದರು. ಅವಳು ಆರತಿ ಎತ್ತಿದಳು, ಕುಂಕುಮ ಇಟ್ಟಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟವಳು ಬೇಗ ತೆಗೆಯಲಿಲ್ಲ. ಕೆಳಗಿನ ಕೆಂಪು ಮತ್ತೆ ಮೇಲಕ್ಕೆ ಬಂದಿದೆಯೋ ಎಂದು ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಣ್ಣ ಚೆನ್ನಾಗಿದೆ ಅಂದಳು. ನಾಳೆ ಗೂಡು ರಾಮನಗರಕ್ಕೆ ಇದರಲ್ಲೇ ಹೋಗಲಿ, ನಾನೂ ಬರುತ್ತೇನೆ ಅಂದಳು.

ಮಾರನೇ ದಿನ ಗೂಡಿನ ಚೀಲಗಳನ್ನು ತುಂಬಿದೆವು. ನಾನು ಮುಂದೆ ಕೂತೆ. ದೊಡ್ಡವ್ವ ಹಿಂದಿನ ಎಡಬಾಗಿಲು ತೆಗೆದು ಹತ್ತಿದಳು. ಆ ಬಾಗಿಲು ಮೊದಲಿಂದಲೂ ಮೊಂಡು. ಎಷ್ಟು ಜೋರಾಗಿ ಬಡಿದರೂ ಹಾಕಿಕೊಳ್ಳುತ್ತಿರಲಿಲ್ಲ. ಕೆಳಗಿನ ಅಂಚು ಹಿಡಿದು ಒಸಿ ಮೇಲಕ್ಕೆತ್ತಿ ಎಳೆಯಬೇಕಿತ್ತು. ಕಣ್ಣಿಗೆ ಕಾಣುವುದನ್ನೆಲ್ಲ ಬದಲಾಯಿಸಿದ ನಾವು ಅದನ್ನು ಮರೆತೇಬಿಟ್ಟಿದ್ದೆವು. ನಾನು ಇಳಿದು ಹಾಕೋಣ ಅನ್ನುವಷ್ಟರಲ್ಲಿ ದೊಡ್ಡವ್ವ ಬಗ್ಗಿ, ಅಂಚು ಹಿಡಿದು, ಮೇಲಕ್ಕೆತ್ತಿ ಎಳೆದಳು. ಬಾಗಿಲು ಒಂದೇ ಸಲಕ್ಕೆ ಹಾಕಿಕೊಂಡಿತು.

ಗೆಳೆಯ ಕನ್ನಡಿಯಲ್ಲಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಸಾತನೂರು ದಾಟಿ ಕನಕಪುರದ ದಾರಿ ಹಿಡಿದ ಮೇಲಂತೂ ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸತೊಡಗಿದ. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಬೈದುಕೊಂಡು ಮುಂದೆ ಹೋದ. ಆ ತಿರುವು ಬಂತು. ಅವನ ಕಾಲು ಬ್ರೇಕಿನ ಮೇಲೆ ಹೋಯಿತು. ಆಗ ಹಿಂದಿನಿಂದ ದೊಡ್ಡವ್ವ ಅವನ ಹೆಗಲ ಮೇಲೆ ಕೈ ಇಟ್ಟಳು.

"ಜೋರಾಗೇ ಓಡ್ಸು ಮಗ. ಅವತ್ತೂ ನೀನು ಜೋರಾಗೇ ಓಡ್ಸ್ದೆ. ನಾನಿದ್ನಲ್ಲ, ನಂಗೊತ್ತು."

ಅವನು ಕಾರನ್ನು ಪಕ್ಕಕ್ಕೆ ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ. ತಮ್ಮ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಅಳುವಷ್ಟು ಅಳಲಿ ಎಂದು ಬಿಟ್ಟು, ಆಮೇಲೆ ಹರಾಜಿಗೆ ಹೊತ್ತಾಗುತ್ತೆ ನಡಿ ಅಂದಳು ದೊಡ್ಡವ್ವ.

ಮಾರುಕಟ್ಟೆಯಲ್ಲಿ ಅವನು ಚೀಲ ಇಳಿಸುತ್ತಿದ್ದಾಗ, ಯಾವಾಗ ಗೊತ್ತಾಯಿತು ಎಂದು ಅವಳನ್ನು ಕೇಳಿದೆ. ಮೊದಲ ದಿನವೇ ಮಗನ ತಲೆಗೂದಲಲ್ಲಿ ವಾಸನೆ ಹಿಡಿದಿದ್ದಳಂತೆ. ತಮ್ಮ ಹೋದಾಗಿನಿಂದ ಮುದ್ದೆ ಮುರಿದು ಕೈ ತೊಳೆಯುತ್ತಿದ್ದವನು, ಬಣ್ಣದ ವಾಸನೆ ಬರಲು ಶುರುವಾದ ಮೇಲೆ ಎರಡನೇ ಮುದ್ದೆ ಕೇಳುತ್ತಿದ್ದನಂತೆ. ಆ ಕೆಲಸ ನಿಲ್ಲಿಸಿದರೆ ಇವನೂ ಕೈಬಿಟ್ಟು ಹೋಗುತ್ತಾನೆ ಎಂದು ಹೆದರಿ, ಹುಳದ ಕೆಲಸವನ್ನೆಲ್ಲ ಒಬ್ಬಳೇ ಹೊತ್ತಿದ್ದಳು. ಆ ಕಾರು ನೋಡಲು ಕಷ್ಟ ಆಗುವುದಿಲ್ಲವಾ ಅಂದೆ. ಆಗುತ್ತೆ ಅಂದಳು.

ದೊಡ್ಡವ್ವ ಹೋಗಿ ಕೆಲವು ವರ್ಷಗಳಾದವು. ಹುಳದ ಮನೆಯಲ್ಲಿ ಸೌದೆ ತುಂಬಿದ್ದಾರೆ. ಕಾರು ಈಗಲೂ ಇದೆ. ಹಿಂದಿನ ಎಡಬಾಗಿಲಿನ ಕೆಳಗಿನ ಅಂಚಿನಲ್ಲಿ ನಾವು ಹೊಡೆದ ಬಿಳಿ ಸವೆದು ಅಂಗೈಯಷ್ಟು ಕೆಂಪು ಕಾಣುತ್ತದೆ. ಹೋದ ವಾರ ಎದುರುಮನೆಯ ಗೇಟಿನ ಕೆಲಸ ಮುಗಿದಾಗ ಉಳಿದ ಬಿಳಿ ಬಣ್ಣ ಕೇಳಿ ತೆಗೆದುಕೊಂಡು ಗೆಳೆಯನ ಹತ್ತಿರ ಹೋದೆ. ಆ ಕೆಂಪಿಗೆ ಒಂದು ಕೈ ಹಚ್ಚಿಬಿಡೋಣ ಅಂದೆ. ಅವನು ಡಬ್ಬ ಹಿಡಿದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

"ಬ್ಯಾಡ ಬುಡ್ಲಾ. ಅವ್ವ ಹಿಡೀತಿದ್ದ ಜಾಗ ಅದು."

ಡಬ್ಬದ ಮುಚ್ಚಳ ಒತ್ತಿಕೊಂಡು ಹಿಂದಕ್ಕೆ ಬಂದೆ. ಕೈಯೆಲ್ಲ ಥಿನ್ನರ್ ವಾಸನೆ. ಬೇಕೆಂದೇ ಹುಳದ ಮನೆಯ ಹೊಸ್ತಿಲ ಹತ್ತಿರ ಸ್ವಲ್ಪ ಹೊತ್ತು ನಿಂತೆ... ಒಳಗಿನಿಂದ ಯಾರೂ ಬೈಯಲಿಲ್ಲ.