ಕುರಿ ಸಾಲಿ

ಬೋರ್ಡಿನ ಮ್ಯಾಲ ಸರಕಾರಿ ಪ್ರೌಢಶಾಲೆ ಅಂತ ದೊಡ್ಡ ಅಕ್ಷರದಾಗ ಬರದಾರ. ಆದ್ರ ಶಹಾಪುರದಿಂದ ಸುರಪುರದ ತನಕ ಯಾರನ್ನ ಕೇಳ್ರಿ, ನಮ್ಮದು ಕುರಿ ಸಾಲಿ.

ಊರಿಗೆ ಹೈಸ್ಕೂಲ್ ಮಂಜೂರಾದಾಗ ಕೂಡಸಾಕ ಜಾಗ ಇರಲಿಲ್ಲ. ನಮ್ಮ ಮುತ್ಯಾ ತನ್ನ ಕುರಿದೊಡ್ಡಿ ಬಿಟ್ಟುಕೊಟ್ಟ. ಕಟ್ಟಡ ಏಳೋ ತನಕ ಆ ತಗಡಿನ ಕೆಳಗೇ ಪಾಠ. ಕುರಿಗೋಳಿಗೆ ಈ ಸುದ್ದಿ ಯಾರೂ ಹೇಳಿರಲಿಲ್ಲ ನೋಡ್ರಿ, ಸಂಜಿಮುಂದ ತಮ್ಮ ಮನಿ ಅಂತ ಒಳಗ ನುಗ್ಗತಿದ್ದವಂತ. ಗಣಿತದ ಮಾಸ್ತರು ಲೆಕ್ಕ ಅರ್ಧಕ್ಕ ಬಿಟ್ಟು ಅವನ್ನ ಹೊರಗ ಹೊಡಿಯೋರು.

ನಾನು ಓದೋ ಹೊತ್ತಿಗೆ ಕಟ್ಟಡ ಬಂದಿತ್ತು, ಹೆಸರು ಮಾತ್ರ ಹೋಗಿರಲಿಲ್ಲ. ಆಟಕ್ಕ ಎಲ್ಲಿ ಹೋದ್ರೂ ಪೇಟಿ ಸಾಲಿ ಹುಡುಗರು ನಮ್ಮನ್ನ ನೋಡಿ "ಬ್ಯಾ" ಅನ್ನೋರು. ಮೈಯೆಲ್ಲ ಉರೀತಿತ್ತು ನನಗ. ಹತ್ತನೇ ಕ್ಲಾಸಿನಾಗ ಹುಡುಗ್ಯಾರ ಕಬಡ್ಡಿ ತಂಡಕ್ಕ ನಾನೇ ಕ್ಯಾಪ್ಟನ್. ಸಾಲಿ ಅಲ್ಲೀತನಕ ಒಂದು ಕಪ್ಪೂ ತಂದಿರಲಿಲ್ಲ. ಈ ಸಲ ಗೆದ್ದು ಆ ಹೆಸರು ಅಲ್ಲೇ ಹೂತು ಬರಬೇಕು ಅಂತ ಹಟ ಹಿಡಿದಿದ್ದೆ.

ಫೈನಲ್ ಶಹಾಪುರದಾಗ. ಎದುರಿನವರು ಪೇಟಿ ಹುಡುಗ್ಯಾರು, ಕಾಲಿಗೆ ಬೂಟು. ನಮ್ಮವು ಬರಿಗಾಲು. ನಮ್ಮ ಕಡಿಂದ ನೋಡಾಕ ಆಟದ ಮಾಸ್ತರು, ಮತ್ತ ಸಂತಿಗೆ ಕುರಿ ಮಾರಾಕ ಬಂದು ಹಂಗೇ ಮೈದಾನಕ್ಕ ಬಂದ ನಮ್ಮವ್ವ. ಪಾಯಿಂಟು ಸಮಾ ಸಮ ಆತು. ಆಖ್ರಿ ರೇಡು ಅವರದು, ಬರಾಕಿ ಅವರ ತಂಡದ ದಪ್ಪ ಹುಡುಗಿ. ಅವರ ಸಾಲಿ ಹುಡುಗರು ಒಟ್ಟಾಗಿ "ಬ್ಯಾ ಬ್ಯಾ" ಅಂತ ಶುರು ಹಚ್ಚಿದರು. ಸಿಟ್ಟಿಗೆ ನನ್ನ ಕಣ್ಣಾಗ ನೀರು ಬಂದು ಗೆರಿನೂ ಕಾಣದಂಗಾತು.

ಅವ್ವ ಎದ್ದು ನಿಂತಳು. ನಾಲಿಗಿ ಹೊರಳಿಸಿ, ಹಿಂಡು ಕರಿಯೋ ಹಂಗ "ಟುರ್‍ರ್‍ ಹೋ" ಅಂದಳು. ಆಮ್ಯಾಲ ಆ ಹುಡುಗರ ಕಡಿ ಕೈಬೀಸಿದಳು.

"ಬರ್ರೆಪ್ಪಾ, ಒದರಾಕತ್ತೀರಿ, ಹಸಿವ್ಯಾಗಿರಬೇಕು. ನಡೀರಿ ದೊಡ್ಡಿಗೆ."

ಮೈದಾನಕ್ಕ ಮೈದಾನೇ ನಕ್ಕಿತು. ಬ್ಯಾ ಅನ್ನೋದು ಅಲ್ಲಿಗೇ ಬಂದ್. ಅವ್ವ ನನ್ನ ಕಡಿ ತಿರುಗಿ, "ಮಗಳ, ಹಿಂದಿನ ಕಾಲು ಹಿಡಿ" ಅಂದಳು.

ಅಷ್ಟೇ ಸಾಕಾತು. ಉಣ್ಣೆ ಕತ್ತರಿಸೋ ದಿನ ಓಡೋ ಕುರಿ ಹಿಡಿಯೋದು ನಮಗ ನೀರು ಕುಡದಷ್ಟು ಸಲೀಸು. ಕೊರಳಿಗೆ ಕೈ ಹಾಕಿದ್ರ ಎಳಕೊಂಡು ಹೋಗತದ, ತಿರುಗಿದಾಗ ಹಿಂದಿನ ಕಾಲು ಹಿಡೀಬೇಕು. ಆಟ ಶುರುವಾದಾಗಿಂದ ನಾವು ಆ ದಪ್ಪ ಹುಡುಗಿಯ ನಡಾ ಹಿಡಿದು ಬೀಳಾಕತ್ತಿದ್ವಿ, ಖಬರೇ ಇರಲಿಲ್ಲ. ಅಕಿ ಒಳಗ ಬಂದಳು, ಯಾರನ್ನೂ ಮುಟ್ಟದೇ ಗೆರಿ ಕಡಿ ತಿರುಗಿದಳು. ನಾ ಹಾರಿ ಅಕಿ ಹಿಮ್ಮಡದ ಮ್ಯಾಲ ಹಿಡದೆ. ಅಕಿ ಬಿದ್ದು ಗೆರಿಗೆ ಕೈ ಚಾಚಿದಳು. ಬೆರಳಷ್ಟು ಜಾಗ ಉಳದಿತ್ತು, ನಾ ಬಿಡಲಿಲ್ಲ. ಸೀಟಿ ಕೂಗಿತು. ಗೆದ್ದಿದ್ವಿ!

ವಾಪಸ್ ಬರೋವಾಗ ಟೆಂಪೋದಾಗ ನಾವೇ "ಬ್ಯಾ" ಅಂತ ಊರು ಮುಟ್ಟೋ ತನಕ ಒದರಿದ್ವಿ. ಹೂಳಾಕ ಒಯ್ದ ಹೆಸರು ಹೊತ್ತು ತಂದ್ವಿ.

ಈಗ ಸಾಲಿ ಗೇಟಿನ ಮ್ಯಾಲ ಟಗರಿನ ಚಿತ್ರ ಅದ. ನನ್ನ ಮಗಳು ಅದೇ ತಂಡದಾಗ ಆಡತಾಳ. ಹೋದ ತಿಂಗಳು ಸುರಪುರದಾಗ ಎದುರಿನ ತಂಡದ ಹುಡುಗಿ ಅಕಿನ್ನ ಯಾವ ಸಾಲಿ ಅಂತ ಕೇಳಿದಳು.

"ಕುರಿ ಸಾಲಿ" ಅಂದಳು ನನ್ನ ಮಗಳು, ಎದಿ ಸೆಟಿಸಿ.

ಯಾರೂ ಬ್ಯಾ ಅನ್ನಲಿಲ್ಲ. ಆ ಹುಡುಗಿ ಒಂದು ಹೆಜ್ಜಿ ಹಿಂದ ಸರದು ತನ್ನ ಕಾಲು ನೋಡಿಕೊಂಡಳು.