ಬದುಕಿದ್ದ ಬರ್ಲ್‌ನ ಸಾವಿನ ಹಾಡು

ಓಲೆಟಾ ಕಾಡಿಲ್ ಹಳ್ಳದ ಆಚೆ ದಡದವಳು, ನಾನು ಈಚೆ ದಡದವಳು. ಬೆಳಗ್ಗೆ ಶಾಲೆಯ ಅಡುಗೆಮನೆಯಲ್ಲಿ ಕಾಳು ಬೇಯಿಸುತ್ತಾಳೆ, ಸಂಜೆ ಹಿಂದಿನ ಜಗಲಿಯಲ್ಲಿ ಕೂತು ಗಿಟಾರ್ ಹಿಡಿದು ಹಾಡು ಕಟ್ಟುತ್ತಾಳೆ. ಕೆಂಟಕಿಯ ಈ ಗುಡ್ಡಗಳಲ್ಲಿ ಹಾಡುವುದೇನೂ ದೊಡ್ಡ ವಿಷಯವಲ್ಲ. ಕಲ್ಲಿದ್ದಲ ಗಣಿಯ ದೆಸೆಯಿಂದ ಕೆಮ್ಮುವವರು ಎಷ್ಟೋ ಹಾಡುವವರೂ ಅಷ್ಟೇ. ಆದರೆ ಸ್ವಂತ ಹಾಡು ಕಟ್ಟುವವರು ಕಡಿಮೆ. ಓಲೆಟಾ ಕಟ್ಟಿದ ಹಾಡುಗಳಲ್ಲಂತೂ ಎಲ್ಲರೂ ಸಾಯುತ್ತಾರೆ. ಒಬ್ಬ ರೈಲಿಗೆ ಸಿಕ್ಕಿ, ಇನ್ನೊಬ್ಬ ಗಣಿ ಕುಸಿದು, ಮತ್ತೊಬ್ಬಳು ನಂಬಿದವನ ಕೈಯಿಂದಲೇ ಹೊಳೆಗೆ ಬಿದ್ದು. ಮೂರನೇ ಚರಣ ದಾಟಿ ಉಸಿರಾಡಿದವರನ್ನು ನಾನು ಕಂಡಿಲ್ಲ.

"ಯಾರಾದ್ರೂ ಒಬ್ಬರನ್ನ ಬದುಕಿಸೇ ಪುಣ್ಯಾತ್ಗಿತ್ತಿ," ಅಂದರೆ, "ಬದುಕಿರೋರ ಬಗ್ಗೆ ಹಾಡೋಕೆ ಏನಿದೆ ಜೆಲ್ಫಾ? ಅವರು ಎದುರಿಗೇ ಇರ್ತಾರಲ್ಲ," ಅನ್ನುತ್ತಿದ್ದಳು.

ಎದುರಿಗೆ ಇರಬೇಕಾದವನೊಬ್ಬ ಮಾತ್ರ ಇರುತ್ತಿರಲಿಲ್ಲ. ಅವಳ ಗಂಡ ಬರ್ಲ್. ಗಿಟಾರಿನ ತಂತಿ ಬಿಗಿಯುವ ಸದ್ದು ಕೇಳಿದರೆ ಸಾಕು, ಕುರ್ಚಿಯಿಂದೆದ್ದು, ತಲೆಗೆ ಟೋಪಿ ಏರಿಸಿ, ಅಂಗಳದ ಕೋಳಿಗೂಡಿಗೆ ಹೊರಟುಬಿಡುತ್ತಿದ್ದ. ಚೆನ್ನಾಗಿದೆ ಅಂತಲೂ ಇಲ್ಲ, ನಿಲ್ಲಿಸು ಅಂತಲೂ ಇಲ್ಲ. ಎಷ್ಟೋ ವರ್ಷದಿಂದ ಇದೇ ಕಥೆ. ಆ ಕೋಳಿಗಳಿಗೆ ಸಿಕ್ಕಷ್ಟು ಗಮನ ಈ ಕಣಿವೆಯ ಯಾವ ಹೆಂಗಸಿಗೂ ಸಿಕ್ಕಿಲ್ಲ.

ಒಮ್ಮೆ ಅವರೆಕಾಯಿ ಸುಲಿಯುತ್ತಾ ಓಲೆಟಾ ನನ್ನ ಹತ್ತಿರ ಅಂದಿದ್ದಳು: "ಊರೆಲ್ಲ ಹೊಗಳಿದ್ರೂ ಅಷ್ಟೇ ಕಣೇ. ಅವನು ಒಂದೇ ಒಂದು ಮಾತು ಆಡಲಿ. ಕೆಟ್ಟದಾಗಿದೆ ಅಂತ ಬೇಕಾದ್ರೂ ಅನ್ನಲಿ. ಕೇಳಿದ್ದೀನಿ ಅಂತಾದ್ರೂ ಗೊತ್ತಾಗುತ್ತಲ್ಲ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ಬರ್ಲ್‌ನ ಮೇಲೆ ಮೈಯೆಲ್ಲ ಉರಿಯಿತು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಗುಡ್ಡದಾಚೆಯ ಪೇಟೆಯಲ್ಲಿ ಒಬ್ಬ ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಡು ಮುದ್ರಿಸಿ ಆಲ್ಬಮ್ ಮಾಡಿಕೊಡುತ್ತಿದ್ದ. ಓಲೆಟಾ ತನ್ನ ಹೆಣಗಳನ್ನೆಲ್ಲ ಅಲ್ಲಿಗೆ ಹೊತ್ತುಕೊಂಡು ಹೋದಳು. ರೆಕಾರ್ಡಿನ ಹೊದಿಕೆಗೆ ಜಗಲಿಯಲ್ಲೇ ಫೋಟೋ ತೆಗೆದರು. ಅದರಲ್ಲಿ ಗಿಟಾರ್ ಹಿಡಿದ ಓಲೆಟಾ ಇದ್ದಾಳೆ, ಅವಳ ಹಿಂದೆ ಅರ್ಧ ಹುಂಜ ಇದೆ. ಬರ್ಲ್ ಇಲ್ಲ. ಅವನೆಲ್ಲಿದ್ದ ಅಂತ ಹೇಳಬೇಕಾಗಿಲ್ಲ.

ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಬರ್ಲ್ ಸಾಯುತ್ತಾನೆ, ಅದೂ ಹೆಸರು ಹಿಡಿದು. ಆ ಹಾಡನ್ನು ಅವಳು ನನಗೂ ಕೇಳಿಸಿರಲಿಲ್ಲ. ಎಲ್ಲ ಮುಗಿದ ಮೇಲೊಮ್ಮೆ, "ಬೇರೆ ಹೆಸರು ಸಿಗಲಿಲ್ವೇನೇ?" ಅಂದೆ. "ಬರ್ಲ್ ಅನ್ನೋದು ರಾಗಕ್ಕೆ ಸರಿಯಾಗಿ ಕೂರುತ್ತೆ. ಕಾರ್ನೀಲಿಯಸ್ ಅಂತ ಇಟ್ಟು ಹಾಡಿ ನೋಡು, ಉಸಿರೇ ಸಾಲಲ್ಲ," ಅಂದಳು.

ರೆಕಾರ್ಡಿನ ಪೆಟ್ಟಿಗೆ ಬಂದ ಶನಿವಾರ ಬರ್ಲ್‌ಗೆ ಗಣಿ ರಜೆ. ನಸುಕಿಗೇ ಮೀನು ಹಿಡಿಯಲು ಹೋಗಿದ್ದ. ಓಲೆಟಾ ಒಂದು ರೆಕಾರ್ಡನ್ನು ನಮ್ಮ ಪುಟ್ಟ ರೇಡಿಯೋ ಕೇಂದ್ರದ ಕ್ಲೀಟಸ್‌ನ ಕೈಗೆ ಕೊಟ್ಟು, ಹಾಗೇ ಸಾಮಾನು ಕೊಳ್ಳಲು ಪೇಟೆಗೆ ಹೋದಳು. ಮಧ್ಯಾಹ್ನ ಕ್ಲೀಟಸ್ ಆ ವಾರ ತೀರಿಕೊಂಡವರ ಹೆಸರು ಓದುವ ಹೊತ್ತು. ಆಗ ನಮ್ಮ ಕಣಿವೆಯಲ್ಲಿ ಚಮಚದ ಸದ್ದೂ ಇರುವುದಿಲ್ಲ. ಕ್ಲೀಟಸ್ ಹೆಸರು ಓದಿದ, ಪ್ರಾರ್ಥನೆಯ ಸಂಗೀತ ಹಾಕಿದ, ಆಮೇಲೆ ಯಾರ ಹಾಡು, ಏನು ಎಂದು ಒಂದು ಮಾತೂ ಹೇಳದೆ ಓಲೆಟಾಳ ರೆಕಾರ್ಡಿನ ಮೇಲೆ ಮುಳ್ಳಿಟ್ಟು ಊಟಕ್ಕೆ ಎದ್ದುಹೋದ.

"ಬರ್ಲನ ಮಣ್ಣಿಗೆ ಇಟ್ಟು ಬಂದೆನು ನಾನು,
ಬಾಗಿಲ ಬಳಿ ಅವನ ಬೂಟು ಕಾದಿದೆ..."

ಅಯ್ಯೋ ದೇವರೇ, ಪಾಪದ ಹೆಂಗಸು, ಬಾಯಲ್ಲಿ ಹೇಳಲಾರದೆ ಹಾಡಿ ಹೇಳಿದಳು ಅಂದುಕೊಂಡೆ. ನಾನೊಬ್ಬಳೇ ಅಲ್ಲ, ಎಲ್ಲರೂ. ನಮ್ಮಲ್ಲಿ ಸಾವಿನ ಮನೆಗೆ ಫೋನು ಮಾಡಿ ಹೌದಾ, ಹೇಗಾಯಿತು ಎಂದು ಕೆದಕುವ ಪದ್ಧತಿಯಿಲ್ಲ. ಮೊದಲು ಒಲೆ ಹಚ್ಚಿ ಆ ಮನೆಯವರಿಗೆ ಅಡುಗೆ ಮಾಡಬೇಕು, ಪಾತ್ರೆ ವಾಪಸು ಬರಲೆಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಬೇಕು, ಹೊತ್ತುಕೊಂಡು ಓಡಬೇಕು. ನಾನು ಭಾನುವಾರಕ್ಕೆಂದು ಮಾಡಿಟ್ಟಿದ್ದ ಸೇಬಿನ ಪದರಗಳ ಕೇಕನ್ನೇ ಎತ್ತಿಕೊಂಡು ಹಳ್ಳ ದಾಟಿದೆ. ಬೀಗ ಹಾಕದ ಆ ಮನೆಯ ಅಡುಗೆಮನೆ ಆಗಲೇ ತುಂಬಿಹೋಗಿತ್ತು. ಹಂದಿಮಾಂಸ, ಕರಿದ ಕೋಳಿ, ಆಲೂಗಡ್ಡೆ ಪಲ್ಯ, ಅಳುವ ಹೆಂಗಸರು, ಬೈಬಲ್ ಹಿಡಿದ ಪಾದ್ರಿ.

ಆಗ ಹಿಂಬಾಗಿಲಿಂದ ಬರ್ಲ್ ಒಳಗೆ ಬಂದ.

ಮೈಮೇಲೆ ತೋಳು ಹರಿದ ಅದೇ ಹಳೇ ಕೋಟು, ಕೈಯಲ್ಲಿ ಮೀನಿನ ಗೊಂಚಲು. ಮುಚ್ಚಿಟ್ಟ ಪಾತ್ರೆಗಳನ್ನು ನೋಡಿದವನೇ ಟೋಪಿ ತೆಗೆದು ಎದೆಗಿಟ್ಟುಕೊಂಡ.

"ಯಾರು ಹೋದ್ರು?" ಮೆಲ್ಲಗೆ ಕೇಳಿದ.

ಬಾಯಿ ಬಿಟ್ಟವಳು ನಾನೊಬ್ಬಳೇ. "ನೀನೇ ಕಣೋ," ಅಂದೆ.

"ನಾನಾ? ಯಾವಾಗ?"

"ಮಧ್ಯಾಹ್ನ. ರೇಡಿಯೋದಲ್ಲಿ ಬಂತು. ಗಣಿ ಕುಸಿದು."

ಬರ್ಲ್ ಮೀನುಗಳನ್ನು ನೋಡಿಕೊಂಡ. "ಇವತ್ತು ರಜಾ ಅಲ್ವಾ?"

ಪಾದ್ರಿಗೆ ಸಿಟ್ಟೇ ಬಂತು. "ನಿನ್ನ ಬಗ್ಗೆ ಎಷ್ಟು ಒಳ್ಳೊಳ್ಳೆ ಮಾತು ಜೋಡಿಸ್ಕೊಂಡು ಬಂದಿದ್ದೆನಯ್ಯಾ!"

"ಈಗಲೇ ಹೇಳಿಬಿಡಿ ಸ್ವಾಮಿ. ಆಮೇಲೆ ಕೇಳೋಕೆ ನಾನಿರಲ್ಲ," ಎಂದು ಬರ್ಲ್ ಕೋಳಿಯ ಒಂದು ಕಾಲು ಕೈಗೆತ್ತಿಕೊಂಡ.

ಅಷ್ಟರಲ್ಲಿ ಹೊರಗೆ ಓಲೆಟಾಳ ಕಾರು. ಮನೆಯ ಮುಂದೆ ಸಾಲುಗಟ್ಟಿದ ಗಾಡಿಗಳನ್ನು, ಪಾತ್ರೆ ಹಿಡಿದ ಜನರನ್ನು ನೋಡಿದವಳಿಗೆ ತನ್ನ ಹಾಡು ನೆನಪಾಗಲೇ ಇಲ್ಲ. ನೆನಪಾದದ್ದು ಗಂಡ ನೀರಿಗೆ ಹೋಗಿದ್ದಾನೆ ಅನ್ನೋದು. "ಬರ್ಲ್!" ಎಂದು ಅವಳು ಚೀರಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ, ಅಂಥ ಸ್ವರ ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲ. ಒಳಗೆ ನುಗ್ಗಿದಳು. ಬಾಯಲ್ಲಿ ಕೋಳಿ ಕಾಲು ಕಚ್ಚಿಕೊಂಡು ನಿಂತ ಗಂಡ ಕಂಡ. ಕೈಚೀಲದಿಂದ ಅವನಿಗೆ ನಾಲ್ಕು ಬಾರಿಸಿ, ಆಮೇಲೆ ಅವನ ಹರಿದ ಕೋಟಿಗೆ ಮುಖ ಒತ್ತಿ ಗೊಳೋ ಎಂದು ಅತ್ತಳು.

ವಿಷಯ ತಿಳಿದು ಜನ ನಗಾಡಿ ಮುಗಿಸಿದ ಮೇಲೆ ಬರ್ಲ್ ಅಂದ: "ಆ ರೆಕಾರ್ಡು ಹಾಕೇ. ನಾನು ಹೆಂಗೆ ಸತ್ತೆ, ನೋಡೋಣ."

ಓಲೆಟಾ ಇಷ್ಟು ವರ್ಷ ಕಾದದ್ದು ಇದಕ್ಕೇ, ಆದರೆ ಊರಿನ ಎದುರಿಗೆ ಅಲ್ಲ. ಎದ್ದು ಹೋಗಿ ರೆಕಾರ್ಡಿನ ಮೇಲೆ ಮುಳ್ಳಿಟ್ಟಳು. ಬರ್ಲ್ ಬಾಗಿಲಿಗೆ ಒರಗಿ ನಿಂತು ಹಾಡನ್ನು ಕೊನೆಯವರೆಗೆ ಕೇಳಿದ. ಆಮೇಲೆ ಟೋಪಿ ಏರಿಸಿದ. ಹೋಯ್ತು, ಮತ್ತೆ ಕೋಳಿಗೂಡಿಗೇ ಹೊರಟ ಅಂದುಕೊಂಡೆ. ಓಲೆಟಾ ನೆಲ ನೋಡುತ್ತಿದ್ದಳು.

"ಎರಡನೇ ಚರಣ ಯಾಕೆ ಬದಲಾಯಿಸಿದೆ?" ಅಂದ ಬರ್ಲ್.

"ಏನು?"

"'ಹೊಸ ಕೋಟು ತೊಟ್ಟು ಗಣಿಗೆ ಹೋದನು' ಅಂತಿದೆ ಇದರಲ್ಲಿ. ಹೋದ ಚಳಿಗಾಲವೆಲ್ಲ ನೀನು 'ಹರಿದ ಕೋಟು' ಅಂತ ಹಾಡ್ತಿದ್ದೆ. ಹರಿದದ್ದೇ ಚೆನ್ನಾಗಿತ್ತು."

ಓಲೆಟಾ ತಲೆ ಎತ್ತಿದಳು. "ಹರಿದ ಕೋಟಲ್ಲಿ ಗಂಡನ್ನ ಕಳಿಸಿದಳು ಅಂತ ಜನ ಆಡ್ಕೊಳ್ತಾರೆ ಅಂತ... ನೀನು ಯಾವಾಗ ಕೇಳಿದೆ?"

"ಕೋಳಿಗೂಡಿಗೆ ಇರೋದು ತಂತಿಬಲೆ ಅಲ್ವೇನೇ? ಎಲ್ಲ ಕೇಳುತ್ತೆ."

"ಮತ್ತೆ ಎದುರಿಗೇ ಕೂತು ಕೇಳೋಕೆ ಏನಾಗಿತ್ತು ನಿಂಗೆ ರೋಗ?"

ಬರ್ಲ್ ಟೋಪಿಯ ಅಂಚು ತಿರುವಿದ. "ಮದುವೆಯಾದ ಹೊಸದರಲ್ಲಿ ಕೂತಿದ್ದೆ. ನಾನಿದ್ರೆ ನೀನು ಮೆತ್ತಗೆ ಹಾಡ್ತಿದ್ದೆ. ನಾನು ಆ ಕಡೆ ಹೋದ್ರೆ ಗಂಟಲು ಬಿಟ್ಟು ಹಾಡ್ತಿದ್ದೆ. ನನಗೆ ಗಟ್ಟಿಯಾಗಿ ಹಾಡೋದೇ ಇಷ್ಟ."

ಓಲೆಟಾ ಗಿಟಾರ್ ತಂದಳು. ಪಾತ್ರೆಗಳನ್ನು ಅತ್ತ ಸರಿಸಿ ಅಡುಗೆಮನೆಯಲ್ಲೇ ಕೂತು, ಗಂಡನ ಮುಖಕ್ಕೆ ಮುಖ ಕೊಟ್ಟು, ಕಿಟಕಿಯ ಗಾಜು ನಡುಗುವ ಹಾಗೆ ಹಾಡಿದಳು. ಈ ಸಲ ಬರ್ಲ್ ಎದುರಿಗೇ ಕೂತ, ಕದಲಲಿಲ್ಲ.

ಆ ಆಲ್ಬಮ್ ಈಗಲೂ ನಮ್ಮಲ್ಲಿ ಮನೆಮನೆಗೂ ಇದೆ. ಅದರಲ್ಲಿ ಬರ್ಲ್ ಹೊಸ ಕೋಟು ತೊಟ್ಟೇ ಸಾಯುತ್ತಾನೆ. ಓಲೆಟಾ ಜನರ ಎದುರಿಗೆ ನಿಂತು ಹಾಡುವಾಗ ಮಾತ್ರ ಹರಿದ ಕೋಟು. ಕೇಳುವವರ ಮೊದಲ ಸಾಲಿನಲ್ಲಿ ಅದನ್ನೇ ತೊಟ್ಟು ಅವನು ಕೂತಿರುತ್ತಾನೆ.